ಮೊದಲು ಟೇಪು, ಆಮೇಲೆ ಹರ್ಟ್ಸ್: ಚಾಳೀಸು ಬಂದ ಕಣ್ಣಿಗೆ ಗೇಮಿಂಗ್ ಮಾನಿಟರ್

ಮುಂಬಯಿಯ ಗ್ರ್ಯಾಂಟ್ ರೋಡ್ ಸ್ಟೇಷನ್ ಇಳಿದು ಲ್ಯಾಮಿಂಗ್ಟನ್ ರೋಡಿಗೆ ಹೋಗಿ ಗೇಮಿಂಗ್ ಮಾನಿಟರ್ ಬೇಕು ಎಂದರೆ ಅಂಗಡಿಯವರು ಕೇಳುವುದು ಮೂರು ಪ್ರಶ್ನೆ: ಬಜೆಟ್ ಎಷ್ಟು, ಎಷ್ಟು ಇಂಚು, ಎಷ್ಟು ಹರ್ಟ್ಸ್ (ಪರದೆ ಸೆಕೆಂಡಿಗೆ ಎಷ್ಟು ಸಲ ಚಿತ್ರ ಬದಲಿಸುತ್ತದೆ). ಇಪ್ಪತ್ತೈದರ ಹುಡುಗನಿಗೆ ಅಷ್ಟು ಸಾಕು. ಅವನ ಕಣ್ಣು ಹತ್ತು-ಹನ್ನೆರಡು ಸೆಂಟಿಮೀಟರಿನಿಂದ ಹಿಡಿದು ದಿಗಂತದವರೆಗೆ ಎಲ್ಲಿಗೆ ಬೇಕಾದರೂ ನೋಟ ಹೊಂದಿಸಿಕೊಳ್ಳುತ್ತದೆ. ನಲವತ್ತೈದು ದಾಟಿದವರ ವಿಷಯದಲ್ಲಿ ಇನ್ನೊಂದು ಪ್ರಶ್ನೆ ಇದೆ, ಮತ್ತು ಅದನ್ನೇ ಎಲ್ಲಕ್ಕಿಂತ ಮೊದಲು ಕೇಳಬೇಕು: ನಿಮ್ಮ ಕಣ್ಣಿನಿಂದ ಪರದೆಗೆ ಎಷ್ಟು ಸೆಂಟಿಮೀಟರು?

ತೊಂಬತ್ತರ ದಶಕದಲ್ಲಿ ಆಫೀಸಿನ ಡಬ್ಬಾ ಮಾನಿಟರಿನಲ್ಲಿ ಕಂಪ್ಯೂಟರ್ ಆಟ ಕಲಿತ ಪೀಳಿಗೆಗೆ ಈಗ ಐವತ್ತರ ಆಸುಪಾಸು. ಡೊಂಬಿವಲಿ, ಮುಲುಂಡ್, ಪುಣೆಯ ಕೊಥ್ರೂಡ್, ಗೋವೆಯ ವಾಸ್ಕೊ ಕಡೆಯ ನಮ್ಮ ಮನೆಗಳಲ್ಲಿ ಮಗ ಹೊಸದನ್ನು ಕೊಂಡು ತನ್ನ ಹಳೆಯ 24 ಇಂಚಿನದನ್ನು ಅಪ್ಪ-ಅಮ್ಮನ ಮೇಜಿಗೆ ದಾಟಿಸುವುದು ಸಾಮಾನ್ಯ. ಪ್ರೀತಿಯಿಂದ ಕೊಟ್ಟ ಆ ಮಾನಿಟರು ಅವರ ಕಣ್ಣಿಗೆ ಒಗ್ಗುವುದು ಮಾತ್ರ ಕಡಿಮೆ. ಯಾಕೆ ಒಗ್ಗುವುದಿಲ್ಲ ಎಂಬುದು ಗೊತ್ತಾದರೆ ಯಾವುದನ್ನು ಕೊಳ್ಳಬೇಕು ಎಂಬುದು ಬಹುಪಾಲು ತಾನಾಗಿ ತಿಳಿಯುತ್ತದೆ.

ಕಣ್ಣಿನೊಳಗೆ ಏನಾಗಿದೆ

ಕಣ್ಣೊಳಗಿನ ಮಸೂರ ವಯಸ್ಸಾದಂತೆ ಗಡುಸಾಗುತ್ತದೆ. ಹತ್ತಿರದ್ದನ್ನು ನೋಡಲು ಅದು ಉಬ್ಬಬೇಕು. ನಲವತ್ತು-ನಲವತ್ತೈದರ ಹೊತ್ತಿಗೆ ಆ ಉಬ್ಬುವಿಕೆ ಸಾಲದೆ ಹೋಗುತ್ತದೆ, ಅರವತ್ತರ ಹೊತ್ತಿಗೆ ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಓದುವ ಕನ್ನಡಕ ಬರುವುದು ಇದಕ್ಕೇ. ಇದು ಎಲ್ಲರಿಗೂ ಗೊತ್ತಿರುವ ಮಾತು. ಅಷ್ಟಾಗಿ ಯಾರೂ ಹೇಳದ ಇನ್ನೆರಡು ಬದಲಾವಣೆಗಳು ಮಾನಿಟರ್ ಆಯ್ಕೆಯಲ್ಲಿ ಅಷ್ಟೇ ಮುಖ್ಯ.

ಒಂದು, ಬೆಳಕು ಕಡಿಮೆಯಾಗುತ್ತದೆ. ಪಾಪೆ ಚಿಕ್ಕದಾಗುತ್ತದೆ, ಮಸೂರ ಹಳದಿಗೆ ತಿರುಗುತ್ತದೆ. ಇಪ್ಪತ್ತರ ಕಣ್ಣಿಗೆ ಹೋಲಿಸಿದರೆ ಅರವತ್ತರ ಕಣ್ಣಿನ ರೆಟಿನಾಕ್ಕೆ (ಅಕ್ಷಿಪಟಲಕ್ಕೆ) ಮುಟ್ಟುವುದು ಸುಮಾರು ಮೂರರಲ್ಲಿ ಒಂದು ಪಾಲು ಬೆಳಕು. ಹಳದಿ ಮಸೂರ ನೀಲಿಯನ್ನು ಹೆಚ್ಚು ಹೀರುವುದರಿಂದ ಕಡುನೀಲಿ, ನೇರಳೆ, ಕಪ್ಪು ಇವುಗಳ ನಡುವಿನ ವ್ಯತ್ಯಾಸ ಮಾಸುತ್ತದೆ. ರಾತ್ರಿಯ ದೃಶ್ಯದಲ್ಲಿ ಗೋಡೆಗೆ ಒರಗಿ ನಿಂತ ಶತ್ರು ಮಗನಿಗೆ ಕಾಣುತ್ತಾನೆ, ಅಪ್ಪನಿಗೆ ಕಾಣುವುದಿಲ್ಲ. ಅದು ಗಮನ ಕೊಡದ್ದರಿಂದ ಆಗುವುದಲ್ಲ.

ಎರಡು, ಬೆಳಕು ಕಣ್ಣೊಳಗೇ ಚದುರುತ್ತದೆ. ಮಸೂರ ತಿಳಿಯಾಗಿ ಉಳಿದಿರುವುದಿಲ್ಲ. ಪೊರೆ ಶುರುವಾಗಿದ್ದರಂತೂ ಹೊಳೆಯುವ ವಸ್ತುವಿನ ಸುತ್ತ ಮಬ್ಬು ಪ್ರಭೆ ಮೂಡಿ ಪಕ್ಕದ ಕತ್ತಲೆಯ ವಿವರಗಳನ್ನು ನುಂಗಿಬಿಡುತ್ತದೆ. ಹೀಗಾಗಿ ವಯಸ್ಸಾದ ಕಣ್ಣಿಗೆ ಹೆಚ್ಚು ಬೆಳಕೂ ಬೇಕು, ಹೆಚ್ಚು ಪ್ರಖರತೆಯೂ ಆಗದು. ಮುಂದೆ ಪ್ಯಾನೆಲ್, ಬ್ರೈಟ್‌ನೆಸ್ ಬಗ್ಗೆ ಹೇಳುವುದೆಲ್ಲ ಈ ಇಕ್ಕಟ್ಟಿನ ಸುತ್ತಲೇ ಇರುತ್ತದೆ.

ದೂರ ಮತ್ತು ಕನ್ನಡಕ

ಲೆಕ್ಕ ಸರಳ. 100ನ್ನು ಪರದೆಯ ದೂರದಿಂದ (ಸೆಂ.ಮೀ.ನಲ್ಲಿ) ಭಾಗಿಸಿ, ಬಂದ ಸಂಖ್ಯೆ ಆ ದೂರಕ್ಕೆ ಬೇಕಾದ ಪವರ್, ಡಯಾಪ್ಟರ್‌ಗಳಲ್ಲಿ. 40 ಸೆಂ.ಮೀ.ಗೆ 2.50, 50ಕ್ಕೆ 2.00, 67ಕ್ಕೆ 1.50, 80ಕ್ಕೆ 1.25, ಒಂದು ಮೀಟರಿಗೆ 1.00. ಓದುವ ಕನ್ನಡಕವನ್ನು ಪುಸ್ತಕ ಹಿಡಿಯುವ 40 ಸೆಂ.ಮೀ. ಅಂದಾಜಿಗೆ ಮಾಡಿರುತ್ತಾರೆ. ಅರವತ್ತರ ಹತ್ತಿರ +2.50 ಹಾಕಿಕೊಂಡವರಿಗೆ 40ರ ಆಚೆಗೆ ಎಲ್ಲವೂ ಮಬ್ಬು. 70 ಸೆಂ.ಮೀ. ದೂರದ ಪರದೆಗೆ ಬೇಕಾದದ್ದು 1.43; ಒಂದು ಡಯಾಪ್ಟರಿಗೂ ಮಿಕ್ಕಿ ತಪ್ಪಾಯಿತು. ಆಗ ಆಡುವವರು ತಮಗೇ ತಿಳಿಯದಂತೆ ಮುಂದಕ್ಕೆ ಬಾಗುತ್ತ ಹೋಗಿ ಅರ್ಧ ಗಂಟೆಯಲ್ಲಿ ಪರದೆಗೆ ಮೂಗು ತಾಗಿಸುವಷ್ಟು ಹತ್ತಿರ ಬಂದಿರುತ್ತಾರೆ. ಎಷ್ಟೇ ದುಬಾರಿ ಮಾನಿಟರ್ ತಂದರೂ ಈ ತಪ್ಪು ಸರಿಹೋಗುವುದಿಲ್ಲ.

ಪ್ರೋಗ್ರೆಸಿವ್ ಲೆನ್ಸಿನವರ ಕಷ್ಟ ಬೇರೆ. ಅದರಲ್ಲಿ ಮೇಲ್ಭಾಗ ದೂರಕ್ಕೆ, ಕೆಳಭಾಗ ಓದಿಗೆ. ಪರದೆಯ ದೂರಕ್ಕೆ ಸಲ್ಲುವ ಭಾಗ ನಡುವಿನ ಕಿರಿದಾದ ಓಣಿ ಮಾತ್ರ. 27 ಇಂಚಿನ ಪರದೆ ಪೂರ್ತಿ ಆ ಓಣಿಯಲ್ಲಿ ಹಿಡಿಸುವುದಿಲ್ಲ. ಗಲ್ಲ ಎತ್ತಿ ಕೆಳಭಾಗದಿಂದ ನೋಡುವ ಅಭ್ಯಾಸ ಬೆಳೆದು ಕತ್ತು ಹಿಡಿಯುತ್ತದೆ. ಮೂಲೆಯ ಮಿನಿಮ್ಯಾಪ್ (ಆಟದ ಪುಟ್ಟ ನಕ್ಷೆ) ನೋಡಲು ಕಣ್ಣು ಹೊರಳಿಸಿದರೆ ಸಾಲದು, ತಲೆಯನ್ನೇ ತಿರುಗಿಸಬೇಕು; ತಿರುಗಿಸುವಷ್ಟರಲ್ಲಿ ಆಟ ಮುಗಿದಿರುತ್ತದೆ.

ಇದಕ್ಕೆ ಒಳ್ಳೆಯ ಉಪಾಯ ಪರದೆಯ ದೂರಕ್ಕೇ ಮಾಡಿಸಿದ ಒಂಟಿ ಪವರಿನ ಕನ್ನಡಕ. ನಮ್ಮ ಪ್ರಕಾರ ಮಾನಿಟರಿಗಿಂತ ಮೊದಲು ಹಣ ಹಾಕಬೇಕಾದದ್ದು ಇದಕ್ಕೆ. ಆಟ ಆಡುವ ಕುರ್ಚಿಯಲ್ಲಿ ಎಂದಿನಂತೆ ಒರಗಿ ಕೂತು, ಮನೆಯವರಿಂದ ಕಣ್ಣಿನ ಹೊರತುದಿಯಿಂದ ಪರದೆ ಬರಬೇಕಾದ ಜಾಗಕ್ಕೆ ಟೇಪು ಹಿಡಿಸಿ. ಆ ಅಂಕಿಯನ್ನು ಬರೆದುಕೊಂಡು ಕಣ್ಣು ಪರೀಕ್ಷಿಸುವವರಿಗೆ ಕೊಡಿ. ‘ಕಂಪ್ಯೂಟರಿಗೆ ಕನ್ನಡಕ’ ಎಂದಷ್ಟೇ ಹೇಳಿದರೆ ಅವರು ತಮ್ಮ ಅಂದಾಜಿನ ದೂರ ಹಿಡಿಯುತ್ತಾರೆ. ‘78 ಸೆಂಟಿಮೀಟರ್, ಪರದೆಯ ನಡುಭಾಗ ಕಣ್ಣಿಗಿಂತ ಒಂದು ಗೇಣು ಕೆಳಗೆ’ ಎಂದರೆ ಅಷ್ಟಕ್ಕೇ ಮಾಡಿಕೊಡುತ್ತಾರೆ. ಕನ್ನಡಕದ ಚೀಟಿಯಲ್ಲಿ ‘ಆ್ಯಡ್’ (ಓದಿಗೆಂದು ಸೇರಿಸಿದ ಪವರ್) ಎಂದಿರುವ ಅಂಕಿಯ ಅರ್ಧದಿಂದ ಅರವತ್ತು ಶೇಕಡದ ಸುತ್ತಮುತ್ತ ಅದು ಬರುವುದು ಸಾಮಾನ್ಯ, ಆದರೆ ಲೆಕ್ಕ ನೀವೇ ಹಾಕಿ ರೆಡಿಮೇಡ್ ತರಬೇಡಿ. ಎರಡು ಕಣ್ಣಿನ ಪವರ್ ಬೇರೆ ಇದ್ದರೆ, ಸಿಲಿಂಡರ್ ಪವರ್ (ಅಸ್ಟಿಗ್ಮ್ಯಾಟಿಸಂಗೆ ಕೊಡುವುದು) ಇದ್ದರೆ ರೆಡಿಮೇಡ್ ಹೊಂದುವುದಿಲ್ಲ. ಪರದೆಯ ಜೊತೆಗೆ ಕೀಬೋರ್ಡು, ಕಾಗದ ಕೂಡ ಸ್ಪಷ್ಟ ಬೇಕೆನ್ನುವವರಿಗೆ ‘ಆಫೀಸ್ ಲೆನ್ಸ್’ ಎಂಬ ಬಗೆಯಿದೆ. ಅದನ್ನು ಹಾಕಿಕೊಂಡು ಬೀದಿಗೆ ಇಳಿಯಬಾರದು.

ಲೆನ್ಸಿಗೆ ಪ್ರತಿಫಲನ ತಡೆಯುವ ಲೇಪ ಖಂಡಿತ ಹಾಕಿಸಿ. ನೀಲಿ ಬೆಳಕು ತಡೆಯುವ ‘ಬ್ಲೂ ಕಟ್’ಗೆ ಹೆಚ್ಚಿನ ದುಡ್ಡು ಕೊಡುವ ಅಗತ್ಯವಿಲ್ಲ: ಲಭ್ಯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ 2023ರ ಕಾಕ್ರೇನ್ ಸಂಸ್ಥೆಯ ವಿಮರ್ಶೆಯಲ್ಲಿ ಅಂಥ ಲೆನ್ಸು ಕಂಪ್ಯೂಟರ್ ಬಳಕೆಯ ಕಣ್ಣಿನ ದಣಿವನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಆಧಾರ ಸಿಗಲಿಲ್ಲ.

ಕೆಲವರ ಪರಿಸ್ಥಿತಿ ಬೇರೆ ಇರುತ್ತದೆ. ಮೈನಸ್ 1.50 ಇರುವವರು ಕನ್ನಡಕ ತೆಗೆದಿಟ್ಟರೆ 67 ಸೆಂ.ಮೀ. ಸುತ್ತಮುತ್ತ ಬರಿಗಣ್ಣಿಗೇ ಸ್ಪಷ್ಟ. ಅವರು ಮಾನಿಟರನ್ನು ಅಲ್ಲಿಗೆ ಇಟ್ಟರೆ ಮುಗಿಯಿತು. ಪೊರೆ ತೆಗೆಸಿ ಸಾಮಾನ್ಯ ಲೆನ್ಸು ಹಾಕಿಸಿಕೊಂಡವರಿಗೆ ನೋಟ ಒಂದೇ ದೂರಕ್ಕೆ ನೆಟ್ಟಿರುತ್ತದೆ, ಅದು ಪರದೆಯ ದೂರ ಅಲ್ಲದಿದ್ದರೆ ಕನ್ನಡಕ ಬೇಕೇ ಬೇಕು. ಅದನ್ನು ಶಸ್ತ್ರಚಿಕಿತ್ಸೆಯಾದ ವಾರದಲ್ಲೇ ಮಾಡಿಸದೆ ಕಣ್ಣು ನೆಲೆಗೊಂಡ ಮೇಲೆ, ವೈದ್ಯರು ಹೇಳಿದಾಗ ಮಾಡಿಸಿ. ಶಸ್ತ್ರಚಿಕಿತ್ಸೆ ಇನ್ನೂ ಆಗಬೇಕಿರುವವರು ದಿನಕ್ಕೆ ಎಷ್ಟು ಹೊತ್ತು ಪರದೆಯ ಮುಂದೆ ಕೂರುತ್ತೀರಿ ಎಂಬುದನ್ನು ಮೊದಲೇ ಹೇಳಿದರೆ ಲೆನ್ಸಿನ ಆಯ್ಕೆಯಲ್ಲಿ ಅದು ಲೆಕ್ಕಕ್ಕೆ ಬರುತ್ತದೆ. ಸಕ್ಕರೆ ಕಾಯಿಲೆ ಇರುವವರಲ್ಲಿ ಸಕ್ಕರೆ ಏರಿಳಿದರೆ ಕಣ್ಣಿನ ಪವರೂ ಏರಿಳಿಯುತ್ತದೆ, ಹಾಗಾಗಿ ಅದು ಹತೋಟಿಗೆ ಬಂದ ಮೇಲೆಯೇ ಪರೀಕ್ಷೆ.

ದೊಡ್ಡದು, ಆದರೆ ದೂರ

24 ಇಂಚಿನ ಪರದೆಯನ್ನು 60 ಸೆಂ.ಮೀ.ನಲ್ಲಿ, 27 ಇಂಚನ್ನು 70ರಲ್ಲಿ, 32 ಇಂಚನ್ನು 85ರಲ್ಲಿ ಇಟ್ಟರೆ ಮೂರೂ ಕಣ್ಣಿಗೆ ಸುಮಾರು ಒಂದೇ ಅಗಲ ಕಾಣುತ್ತವೆ: 45ರಿಂದ 48 ಡಿಗ್ರಿ. ಆಟದಲ್ಲಿನ ಮನುಷ್ಯ ಮೂರರಲ್ಲೂ ಅಷ್ಟೇ ದೊಡ್ಡವನು. ವ್ಯತ್ಯಾಸ ಬರುವುದು ಕಣ್ಣಿನ ಶ್ರಮದಲ್ಲಿ. 60ಕ್ಕೆ ಬೇಕಾದ ಪವರ್ 1.67, 85ಕ್ಕೆ 1.18. ಅರ್ಧ ಡಯಾಪ್ಟರ್ ಉಳಿತಾಯ. ನಲವತ್ತೈದರಿಂದ ಐವತ್ತೈದರವರೆಗೆ, ಮಸೂರದಲ್ಲಿ ಇನ್ನೂ ಚೂರುಪಾರು ಶಕ್ತಿ ಉಳಿದಿರುವ ಕಾಲದಲ್ಲಿ, ಈ ಅರ್ಧ ಡಯಾಪ್ಟರು ಸಂಜೆಯ ತಲೆನೋವಿಗೂ ನೆಮ್ಮದಿಗೂ ಇರುವ ಅಂತರ. ಇನ್ನೂ ಒಂದು ಲಾಭ: ದೂರ ಹೆಚ್ಚಿದಷ್ಟೂ ಸ್ಪಷ್ಟವಾಗಿ ಕಾಣುವ ವಲಯ ಉದ್ದವಾಗುತ್ತದೆ, ಒಂದಿಷ್ಟು ಹಿಂದೆ ಮುಂದೆ ವಾಲಿದರೂ ಚಿತ್ರ ಕದಡುವುದಿಲ್ಲ. ಆದ್ದರಿಂದ ದೊಡ್ಡ ಪರದೆಯನ್ನು ತಂದು ಹಳೆಯ ದೂರದಲ್ಲೇ ಇಡುವುದು ಅರ್ಧ ಕೆಲಸ. ಹಿಂದಕ್ಕೆ ತಳ್ಳಿದಾಗಲೇ ಅದು ಪೂರ್ತಿ.

ಪಂದ್ಯಕ್ಕೆ ಆಡುವ ಹುಡುಗರು 24-25 ಇಂಚನ್ನೇ ಹಿಡಿದಿರುವುದು ಪರದೆಯೆಲ್ಲ ಒಂದೇ ನೋಟಕ್ಕೆ ಸಿಗಲೆಂದು. 85 ಸೆಂ.ಮೀ. ದೂರದ 32 ಇಂಚು ಕೂಡ ಅಷ್ಟೇ ಕೋನದಲ್ಲಿ ಸಿಗುತ್ತದೆ, ಆ ವಾದ ನಿಮ್ಮನ್ನು ತಡೆಯಬೇಕಿಲ್ಲ.

ಈಗ ಅಕ್ಷರ. ಪರದೆಯ ಮೇಲಿನ ಅಕ್ಷರ 20ರಿಂದ 22 ಆರ್ಕ್‌ಮಿನಿಟ್ ಎತ್ತರ ಇರಲಿ, 16ಕ್ಕಿಂತ ಇಳಿಯುವುದು ಬೇಡ ಎನ್ನುತ್ತದೆ ಐಎಸ್‌ಒ 9241 ಮಾನದಂಡ. ಡಿಗ್ರಿಯ ಅರವತ್ತನೇ ಒಂದು ಭಾಗ ಒಂದು ಆರ್ಕ್‌ಮಿನಿಟ್, 70 ಸೆಂ.ಮೀ.ನಲ್ಲಿ ಅದು 0.2 ಮಿ.ಮೀ. ಅಂದರೆ ಆ ದೂರದಲ್ಲಿ ದೊಡ್ಡಕ್ಷರಗಳು 4 ಮಿ.ಮೀ. ಇದ್ದರೆ ಹಿತ, 3.3ಕ್ಕಿಂತ ಇಳಿದರೆ ಕಷ್ಟ. ವಿಂಡೋಸ್‌ನ ಮೂಲ ಅಳತೆಯಲ್ಲಿ ಇಂಗ್ಲಿಷ್ ದೊಡ್ಡಕ್ಷರ 8-9 ಪಿಕ್ಸೆಲ್ (ಪರದೆಯ ಚುಕ್ಕೆ) ಎತ್ತರ. 24 ಇಂಚಿನ 1080ಪಿ (1920×1080 ಪಿಕ್ಸೆಲ್) ಫುಲ್ ಎಚ್‌ಡಿ ಪರದೆಯ ಪಿಕ್ಸೆಲ್ 0.277 ಮಿ.ಮೀ., ಹಾಗಾಗಿ ಅಕ್ಷರ ಸುಮಾರು 2.4 ಮಿ.ಮೀ. ಸಾಲದು. 27 ಇಂಚಿನ 1440ಪಿಯಲ್ಲಿ (2560×1440) ಪಿಕ್ಸೆಲ್ 0.233, ಅಕ್ಷರ 2 ಮಿ.ಮೀ. ಇನ್ನೂ ಕಡಿಮೆ. 32 ಇಂಚಿನ 4ಕೆಯಲ್ಲಿ (3840×2160) ಪಿಕ್ಸೆಲ್ 0.184, ಅಕ್ಷರ ಒಂದೂವರೆ ಮಿ.ಮೀ. ‘ಹೈ ರೆಸಲ್ಯೂಶನ್ ತಂದೆ, ಎಲ್ಲ ಸಣ್ಣದಾಯಿತು’ ಎಂಬ ದೂರು ಹುಟ್ಟುವುದು ಇಲ್ಲಿ.

ಮದ್ದು ಸ್ಕೇಲಿಂಗ್, ಅಂದರೆ ವಿಂಡೋಸ್ ಸೆಟ್ಟಿಂಗಿನಲ್ಲಿ ಎಲ್ಲವನ್ನೂ ಹಿಗ್ಗಿಸಿ ತೋರಿಸುವುದು. ಮೂರರಲ್ಲೂ ಅಕ್ಷರವನ್ನು 3.5 ಮಿ.ಮೀ.ಗೆ ತಂದು ನೋಡಿ. 24 ಇಂಚಿನಲ್ಲಿ 150 ಶೇಕಡ ಬೇಕಾಗುತ್ತದೆ, ಆಗ ಉಳಿಯುವ ಜಾಗ 1280×720ಕ್ಕೆ ಸಮ. ಒಂದು ಬ್ರೌಸರ್ ತೆರೆದರೆ ಮೇಜು ತುಂಬಿತು. 27 ಇಂಚಿನ 1440ಪಿಯಲ್ಲಿ 175 ಶೇಕಡ, ಜಾಗ ಸುಮಾರು 1463×823. 32 ಇಂಚಿನ 4ಕೆಯಲ್ಲಿ 225 ಶೇಕಡ, ಜಾಗ 1707×960. ಅಕ್ಷರದ ಎತ್ತರ ಮೂರರಲ್ಲೂ ಅಷ್ಟೇ, ಆದರೆ ಮೊದಲನೆಯದರಲ್ಲಿ ಅದು 12-13 ಪಿಕ್ಸೆಲ್‌ಗಳಲ್ಲಿ ಮೂಡಿದರೆ ಕೊನೆಯದರಲ್ಲಿ 19ರಲ್ಲಿ ಮೂಡುತ್ತದೆ. ಕನ್ನಡ ಓದುವವರಿಗೆ ಇದು ಇಂಗ್ಲಿಷ್ ಓದುವವರಿಗಿಂತ ಹೆಚ್ಚು ಮುಖ್ಯ. ದ-ಧ ನಡುವಿನ ಸೀಳು, ಥಕಾರದ ಚುಕ್ಕೆ, ಹೊಟ್ಟೆ ಸೀಳಿದ ಷ, ಸಾಲಿನ ಕೆಳಗೆ ತೂಗುವ ಒತ್ತಕ್ಷರ ಇವೆಲ್ಲ ಒಂದೆರಡು ಪಿಕ್ಸೆಲ್ಲಿನ ಮೇಲೆ ನಿಂತಿವೆ. ಪಿಕ್ಸೆಲ್ ದಪ್ಪಗಿದ್ದರೆ ‘ಸ್ತ್ರೀ’ ಎಂಬುದು ಒಂದು ಕಪ್ಪು ಗಂಟು.

ಹಾಗಾದರೆ 4ಕೆಯೇ ಬೇಕೆ? ಬರೀ ಆಟಕ್ಕಾದರೆ ಬೇಕಿಲ್ಲ. ಕನ್ನಡಕ ಹಾಕಿಕೊಂಡು 6/9 ಓದುವ (ಪೂರ್ಣ ದೃಷ್ಟಿಯಾದ 6/6ಕ್ಕಿಂತ ಸ್ವಲ್ಪ ಕಡಿಮೆ) ಕಣ್ಣಿಗೆ 85 ಸೆಂ.ಮೀ.ನಲ್ಲಿ 0.37 ಮಿ.ಮೀ.ಗಿಂತ ಸಣ್ಣ ವಿವರ ಬೇರ್ಪಡುವುದಿಲ್ಲ. 32 ಇಂಚಿನ 1440ಪಿಯ ಪಿಕ್ಸೆಲ್ 0.277, ಅದಾಗಲೇ ಅದಕ್ಕಿಂತ ಸಣ್ಣದು. 4ಕೆಯಲ್ಲಿ ಗ್ರಾಫಿಕ್ಸ್ ಕಾರ್ಡು 1440ಪಿಗಿಂತ ಎರಡೂಕಾಲು ಪಟ್ಟು ಪಿಕ್ಸೆಲ್ ತುಂಬಬೇಕು. ಕಾರ್ಡು ಸಾಧಾರಣದ್ದಾಗಿ, ಮುಖ್ಯ ಕೆಲಸ ಆಟವೇ ಆಗಿದ್ದರೆ 32 ಇಂಚಿನ 1440ಪಿ ತಗೊಳ್ಳಿ ಎಂದೇ ಹೇಳುತ್ತೇವೆ, ‘ಅಷ್ಟು ದೊಡ್ಡದಕ್ಕೆ ಅದು ಸಾಲದು’ ಎಂದು ಮೂವತ್ತರ ಕಣ್ಣಿನವರು ಹೇಳಿದರೂ. ಹಗಲು ಅದೇ ಪರದೆಯಲ್ಲಿ ಲೆಕ್ಕಪತ್ರ, ಓದು-ಬರಹ ನಡೆಯುತ್ತದೆ, ಕನ್ನಡಕ ಹಾಕಿದರೆ 6/6 ಇದೆ ಎಂದಾದರೆ 4ಕೆ ಸಾರ್ಥಕ. ಕಾರ್ಡು ಸೋತಾಗ 4ಕೆ ಪರದೆಯಲ್ಲಿ ಆಟವನ್ನು 1080ಪಿಗೆ ಇಳಿಸಿ ಇಂಟೀಜರ್ ಸ್ಕೇಲಿಂಗ್ ಹಾಕಿದರೆ ಒಂದು ಪಿಕ್ಸೆಲ್ಲಿಗೆ ಸರಿಯಾಗಿ ನಾಲ್ಕು ಕೂತು ಚಿತ್ರ ಗಟ್ಟಿಯಾಗಿರುತ್ತದೆ. 1440ಪಿ ಪರದೆಯಲ್ಲಿ 1080ಪಿ ಆಡಿಸಿದರೆ ಒಂದಕ್ಕೆ 1.33 ಎಂಬ ಭಿನ್ನರಾಶಿ ಬಂದು ಮಸುಕಾಗುತ್ತದೆ.

27 ಇಂಚಿನ 1080ಪಿ ಅಗ್ಗಕ್ಕೆ ಸಿಗುತ್ತದೆ, ಅಕ್ಷರವೂ ದೊಡ್ಡದು. ಆದರೆ ಪಿಕ್ಸೆಲ್ 0.311 ಮಿ.ಮೀ.; ಕನ್ನಡ ಓದಲು ನಾವು ಸೂಚಿಸುವುದಿಲ್ಲ.

34 ಇಂಚಿನ ಅಲ್ಟ್ರಾವೈಡ್ ಎತ್ತರದಲ್ಲಿ 27 ಇಂಚಿನಷ್ಟೇ, ಅಗಲ ಮಾತ್ರ 80 ಸೆಂ.ಮೀ. ಪ್ರೋಗ್ರೆಸಿವ್ ಲೆನ್ಸಿನವರಿಗೆ ಅದು ತಲೆ ತಿರುಗಿಸುವ ಕೆಲಸ ಹೆಚ್ಚಿಸುತ್ತದೆ. ಬಾಗಿದ ಪರದೆಯ ಲಾಭ ನಿಜ, ಆದರೆ ಅಗಲ ಕಡಿಮೆಯಾದಲ್ಲಿ ಅದು ಅತ್ಯಲ್ಪ: 70 ಸೆಂ.ಮೀ. ದೂರದ ಚಪ್ಪಟೆ 34 ಇಂಚಿನ ನಡುವಿಗೂ ಅಂಚಿಗೂ ಪವರಿನ ವ್ಯತ್ಯಾಸ 0.2 ಡಯಾಪ್ಟರಿನೊಳಗೆ. 49 ಇಂಚಿನಲ್ಲಿ ಅದು 0.34ರ ಹತ್ತಿರ ಹೋಗುತ್ತದೆ, ಅಲ್ಲಿ ಬಾಗು ಬೇಕು.

ಬೆಳಕು, ಕೋಣೆ, ಪ್ಯಾನೆಲ್

ಪರದೆಯ ಪ್ಯಾನೆಲ್ಲಿನಲ್ಲಿ ಐಪಿಎಸ್, ವಿಎ, ಒಎಲ್‌ಇಡಿ ಎಂಬ ಬಗೆಗಳಿವೆ. ಐಪಿಎಸ್ ಪ್ಯಾನೆಲ್ಲಿನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಹೊಳಪಿನ ಅನುಪಾತ) ಸುಮಾರು 1000ಕ್ಕೆ 1, ಹೊಸ ಕೆಲವು ಬಗೆಗಳಲ್ಲಿ 2000. ವಿಎ ಪ್ಯಾನೆಲ್ಲಿನದು 3000ದ ಆಸುಪಾಸು. ಕತ್ತಲೆ ದೃಶ್ಯಗಳ ಕಥಾಪ್ರಧಾನ ಆಟ ಇಷ್ಟಪಡುವವರಿಗೆ ವಿಎ ಚೆನ್ನ. ಆದರೆ ಅಗ್ಗದ ವಿಎಗಳಲ್ಲಿ ಕಪ್ಪಿನಿಂದ ಬೂದಿಗೆ ಬದಲಾಗುವ ವೇಗ ಕಡಿಮೆ, ಕತ್ತಲಲ್ಲಿ ಓಡುವ ವಸ್ತುವಿನ ಹಿಂದೆ ಮಸಿ ಬಳಿದಂತೆ ಬಾಲ ಕಾಣುತ್ತದೆ. ವೇಗದ ಶೂಟಿಂಗ್ ಆಟಕ್ಕೆ ಐಪಿಎಸ್ ಸುರಕ್ಷಿತ ಆಯ್ಕೆ.

ಒಎಲ್‌ಇಡಿಯ ಕಪ್ಪು ಅಪ್ಪಟ ಕಪ್ಪು, ಚಲನೆ ಅತಿ ಚುರುಕು. ಆದರೂ ಅರವತ್ತರ ಕಣ್ಣಿಗೆ ಅದನ್ನು ಕಣ್ಣುಮುಚ್ಚಿ ಸೂಚಿಸಲಾರೆವು. ಕಣ್ಣೊಳಗೇ ಬೆಳಕು ಚದುರುವಾಗ ಪರದೆಯ ಕಪ್ಪು ಎಷ್ಟು ಶುದ್ಧವಾಗಿದ್ದರೇನು, ಪಕ್ಕದ ಹೊಳಪು ಅದರ ಮೇಲೆ ಹರಡಿಕೊಳ್ಳುತ್ತದೆ. ಕೊಟ್ಟ ದುಡ್ಡಿನ ಒಂದು ಪಾಲು ಅಲ್ಲೇ ಹೋಯಿತು. ಪೂರ್ತಿ ಬಿಳಿ ಪುಟ ತೆರೆದಾಗ ಹಲವು ಮಾದರಿಗಳು 250 ನಿಟ್ಸ್ (ಹೊಳಪಿನ ಅಳತೆ) ಸುತ್ತಮುತ್ತಲೇ ನಿಲ್ಲುತ್ತವೆ, ಹಗಲು ಬೆಳಕಿನ ಹಾಲ್‌ನಲ್ಲಿ ಅದು ಮಂಕು. ಪಿಕ್ಸೆಲ್ಲಿನೊಳಗಿನ ಕೆಂಪು-ಹಸಿರು-ನೀಲಿ ಉಪಪಿಕ್ಸೆಲ್ ಜೋಡಣೆ ಬೇರೆಯಾದ್ದರಿಂದ ಅಕ್ಷರಗಳ ಅಂಚಿಗೆ ಬಣ್ಣದ ಗೆರೆ ಮೂಡುವುದುಂಟು. 32 ಇಂಚಿನ 4ಕೆಯಲ್ಲಿ ಅದು ಕಡಿಮೆ ಕಾಣುತ್ತದೆ. ಕೋಣೆಯ ಬೆಳಕು ಹತೋಟಿಯಲ್ಲಿದ್ದು ಕಣ್ಣಿನಲ್ಲಿ ಪೊರೆ ಇಲ್ಲದವರಿಗೆ ಅದು ಸೊಗಸಾದ ವಸ್ತುವೇ.

ಹೊಳಪಿನ ಅಂಕಿ 350 ನಿಟ್ಸ್ ಆದರೂ ಇರಲಿ. ಪಡುವಣ ಕಿಟಕಿಯ ಮುಂಬಯಿ ಫ್ಲ್ಯಾಟಿನಲ್ಲಿ ಸಂಜೆ ನಾಲ್ಕರ ನಂತರದ ಬಿಸಿಲನ್ನು, ಗೋವೆಯ ಮನೆಗಳ ದೊಡ್ಡ ಕಿಟಕಿಗಳ ಬೆಳಕನ್ನು 250 ನಿಟ್ಸಿನ ಪರದೆ ಎದುರಿಸಲಾರದು. ಮೇಲ್ಮೈ ಮ್ಯಾಟ್ ಇರಲಿ. ಮಾನಿಟರನ್ನು ಕಿಟಕಿಗೆ ಎದುರಾಗಿಯಾಗಲಿ ಕಿಟಕಿಗೆ ಬೆನ್ನಾಗಿಯಾಗಲಿ ಇಡಬೇಡಿ; ಕಿಟಕಿ ಪಕ್ಕಕ್ಕೆ ಬರುವ ಹಾಗೆ ಇಡಿ. ತಲೆಯ ಹಿಂದಿನ ಗೋಡೆಯ ಟ್ಯೂಬ್‌ಲೈಟು ಪರದೆಯಲ್ಲಿ ಬಿಳಿ ಕೋಲಿನಂತೆ ಮೂಡಿದರೆ ಆ ಟ್ಯೂಬನ್ನು ಆರಿಸಿ ಬೇರೆ ದೀಪ ಬಳಸಿ.

ಹಾಗೆಂದು ಕತ್ತಲು ಕೋಣೆಯಲ್ಲಿ ಆಡುವುದೂ ಸಲ್ಲ. ಕತ್ತಲಲ್ಲಿ ಪಾಪೆ ಹಿಗ್ಗುತ್ತದೆ, ಹಿಗ್ಗಿದರೆ ಮಸೂರದ ಅಂಚಿನ ದೋಷಗಳೂ ಚದುರಿದ ಬೆಳಕೂ ಚಿತ್ರಕ್ಕೆ ಸೇರುತ್ತವೆ, ಸ್ಪಷ್ಟ ವಲಯ ಕಿರಿದಾಗುತ್ತದೆ. ಮಾನಿಟರಿನ ಬೆನ್ನಿಗೆ 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಪಟ್ಟಿ ಅಂಟಿಸಿ ಗೋಡೆಯನ್ನು ಮೆಲ್ಲಗೆ ಬೆಳಗಿಸಿ. ಅತಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಆರಾಮ ಕೊಡುವ ಉಪಾಯ ಇದು. ಕಪ್ಪು ಹಿನ್ನೆಲೆಯ ಬಿಳಿ ಅಕ್ಷರ ಸಿಲಿಂಡರ್ ಪವರ್ ಇರುವವರಿಗೆ ಉರಿದಂತೆ ಕಾಣುವುದಕ್ಕೂ ಹಿಗ್ಗಿದ ಪಾಪೆಯೇ ಕಾರಣ. ಅವರು ಡಾರ್ಕ್ ಮೋಡ್ ಬಿಟ್ಟು ತಿಳಿಬೂದು ಹಿನ್ನೆಲೆಗೆ ಹೋಗಲಿ.

ಬ್ರೈಟ್‌ನೆಸ್ ಎಷ್ಟಿರಬೇಕು? ಪರದೆಯ ಪಕ್ಕ ಬಿಳಿ ಕಾಗದ ಹಿಡಿದು ಬಿಳಿ ಪುಟ ತೆರೆಯಿರಿ. ಎರಡೂ ಒಂದೇ ಹದಕ್ಕೆ ಬರಬೇಕು. ಹಗಲು ಒಂದು, ರಾತ್ರಿ ಒಂದು. ಎಚ್‌ಡಿಆರ್ (ಹೊಳಪು-ಕತ್ತಲೆಯ ಹೆಚ್ಚಿನ ವ್ಯಾಪ್ತಿ ತೋರಿಸುವ ತಂತ್ರ) ವಿಷಯದಲ್ಲಿ ‘ಡಿಸ್‌ಪ್ಲೇಎಚ್‌ಡಿಆರ್ 400’ ಎಂಬ ಸ್ಟಿಕರಿಗೆ ಹೆಚ್ಚಿನ ಬೆಲೆ ಕೊಡಬೇಡಿ. ಹೆಚ್ಚಿನ ಅಂಥ ಪರದೆಗಳಲ್ಲಿ ಕಪ್ಪಿರುವ ಕಡೆ ಮಾತ್ರ ಹಿಂಬೆಳಕು ತಗ್ಗಿಸುವ ವ್ಯವಸ್ಥೆ ಇರುವುದಿಲ್ಲ.

ಹಿಂಬೆಳಕು ಮಿಣುಕುತ್ತದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಬಹುದು. ಬ್ರೈಟ್‌ನೆಸ್ 20ಕ್ಕೆ ಇಳಿಸಿ, ಫೋನ್ ಕ್ಯಾಮೆರಾದ ಪ್ರೋ ಮೋಡಿನಲ್ಲಿ ಶಟರ್ 1/1000 ಅಥವಾ ಇನ್ನೂ ವೇಗಕ್ಕೆ ಇಟ್ಟು ಬಿಳಿ ಪುಟ ನೋಡಿ. ಎಲ್‌ಸಿಡಿಯಲ್ಲಿ (ಐಪಿಎಸ್, ವಿಎ ಎರಡೂ ಇದೇ) ಅಡ್ಡ ಕಪ್ಪು ಪಟ್ಟಿಗಳು ಕಂಡರೆ ಆ ಮಾದರಿ ಬೆಳಕನ್ನು ಆರಿಸಿ ಹೊತ್ತಿಸಿ ತಗ್ಗಿಸುತ್ತಿದೆ. ತಲೆನೋವಿನ ಪ್ರವೃತ್ತಿ ಇರುವವರು ಅದನ್ನು ಬಿಡಿ.

ಹರ್ಟ್ಸ್

ಸೆಕೆಂಡಿಗೆ 960 ಪಿಕ್ಸೆಲ್ ಓಡುವ ವಸ್ತುವನ್ನು ಕಣ್ಣು ಹಿಂಬಾಲಿಸಿದರೆ 60 ಹರ್ಟ್ಸ್‌ನಲ್ಲಿ 16 ಪಿಕ್ಸೆಲ್ ಮಸುಕು, 120ರಲ್ಲಿ 8, 240ರಲ್ಲಿ 4. ಈ ಮಸುಕು ವಯಸ್ಸು ನೋಡುವುದಿಲ್ಲ, ಆದ್ದರಿಂದ 60ರಿಂದ 120ಕ್ಕೆ ಏರುವುದು ಹಿರಿಯರಿಗೂ ಸ್ಪಷ್ಟವಾಗಿ ಕಾಣುವ ಸುಧಾರಣೆ. 120ರಿಂದ 165 ಸಾಕು. 240ಕ್ಕೆ ಕೊಡುವ ಹೆಚ್ಚಿನ ಹಣವನ್ನು ಅಳತೆಗೆ, ಮಾನಿಟರ್ ಹಿಡಿದಿಡುವ ಆರ್ಮ್‌ಗೆ, ಕನ್ನಡಕಕ್ಕೆ ಹಾಕಿ. ಕಾರ್ಡಿನ ವೇಗಕ್ಕೆ ಪರದೆಯನ್ನು ಹೊಂದಿಸುವ ಫ್ರೀಸಿಂಕ್ ಅಥವಾ ಜಿ-ಸಿಂಕ್ ಹೊಂದಾಣಿಕೆ ಇರಲಿ. ಹಿಂಬೆಳಕನ್ನು ಮಿಟುಕಿಸಿ ಮಸುಕು ತೆಗೆಯುವ ಮೋಡ್ ಪರದೆಯನ್ನು ಮಂಕಾಗಿಸುತ್ತದೆ. ಬೆಳಕೇ ಸಾಲದ ಕಣ್ಣಿಗೆ ಅದು ಬೇಡ. ಪ್ಲೇಸ್ಟೇಷನ್ 5 ಜೋಡಿಸುವವರು 4ಕೆಯಲ್ಲಿ 120 ಹರ್ಟ್ಸ್ ಬೇಕೆಂದರೆ ಎಚ್‌ಡಿಎಂಐ 2.1 ಕಿಂಡಿ ಇದೆಯೇ ನೋಡಿಕೊಳ್ಳಿ.

ಮೇಜು

ಇಲ್ಲಿಯೇ ಹೆಚ್ಚಿನವರ ಲೆಕ್ಕ ತಪ್ಪುವುದು. ನಮ್ಮ ಊರುಗಳ ಫ್ಲ್ಯಾಟಿನ ಮೇಜು 45ರಿಂದ 60 ಸೆಂ.ಮೀ. ಆಳ. 32 ಇಂಚಿನ ಮಾನಿಟರಿನ ಸ್ಟ್ಯಾಂಡೇ 22-28 ಸೆಂ.ಮೀ. ತಿನ್ನುತ್ತದೆ, ಪ್ಯಾನೆಲ್ ಮುಂದಕ್ಕೆ ಬರುತ್ತದೆ, ಕಣ್ಣಿನ ದೂರ 55ಕ್ಕೆ ಇಳಿಯುತ್ತದೆ. 85ಕ್ಕೆ ಹಾಕಿದ ಯೋಜನೆಯೆಲ್ಲ ಮಣ್ಣುಪಾಲು.

ಎತ್ತರವೂ ಹಾಗೆಯೇ. ಸಾಧಾರಣ ಎತ್ತರದವರು ಕೂತಾಗ ಕಣ್ಣು ಮೇಜಿನಿಂದ 40-45 ಸೆಂ.ಮೀ. ಮೇಲಿರುತ್ತದೆ. 32 ಇಂಚಿನ ಪರದೆಯ ಎತ್ತರವೇ 40. ಸ್ಟ್ಯಾಂಡಿನ ಮೇಲೆ ಅದರ ಕೆಳ ಅಂಚು 12 ಸೆಂ.ಮೀ. ಎತ್ತರದಲ್ಲಿ ನಿಂತರೆ ಮೇಲಂಚು 52ಕ್ಕೆ ಹೋಗುತ್ತದೆ, ಅಂದರೆ ಕಣ್ಣಿಗಿಂತ ಮೇಲೆ. ಗಲ್ಲ ಎದ್ದಿತು, ಕತ್ತು ನೊಂದಿತು. ಜೊತೆಗೆ ಮೇಲಕ್ಕೆ ನೋಡುವ ಕಣ್ಣು ಅಗಲವಾಗಿ ತೆರೆದಿದ್ದು ಬೇಗ ಒಣಗುತ್ತದೆ. ಆಟದ ನಡುವೆ ರೆಪ್ಪೆ ಬಡಿಯುವುದೇ ಕಡಿಮೆ, ಎಸಿಯ ಗಾಳಿ ಮುಖಕ್ಕೆ ಬಿದ್ದರೆ ಉರಿ ಖಚಿತ. ಪರದೆಯ ಕೆಳ ಅಂಚು ಮೇಜಿನಿಂದ 3-5 ಸೆಂ.ಮೀ.ಗೆ ಇಳಿಯಬೇಕು.

ಎರಡಕ್ಕೂ ಉತ್ತರ ಮೇಜಿಗೆ ಕಚ್ಚಿಸುವ ಮಾನಿಟರ್ ಆರ್ಮ್ ಅಥವಾ ಗೋಡೆಯ ಬ್ರ್ಯಾಕೆಟ್. ಹಿಂಬದಿಯಲ್ಲಿ ಆರ್ಮ್ ಬಿಗಿಯುವ 100×100 ಮಿ.ಮೀ. ಅಂತರದ ವೆಸಾ ತೂತುಗಳು ಇವೆಯೇ ನೋಡಿ. ತೂಕವನ್ನು ಸ್ಟ್ಯಾಂಡ್ ಬಿಟ್ಟು ಲೆಕ್ಕ ಹಾಕಿ, ಆರ್ಮಿನ ಮಿತಿಗಿಂತ ಅದು ಒಂದೆರಡು ಕಿಲೋ ಕಡಿಮೆಯೇ ಇರಲಿ. ಮಿತಿಯ ಅಂಚಿನಲ್ಲಿದ್ದರೆ ಕೆಲವು ತಿಂಗಳಲ್ಲಿ ತಲೆ ತಗ್ಗಿಸಲು ಶುರುಮಾಡುತ್ತದೆ. 18-19 ಮಿ.ಮೀ. ಪ್ಲೈವುಡ್ ತಡೆಯುತ್ತದೆ, ಪಾರ್ಟಿಕಲ್ ಬೋರ್ಡಿಗೆ ಮೇಲೆ ಕೆಳಗೆ ಉಕ್ಕಿನ ಪಟ್ಟಿ ಕೊಡಿ, ಗಾಜಿನ ಮೇಜಿಗೆ ಕ್ಲ್ಯಾಂಪ್ ಬೇಡವೇ ಬೇಡ. ಮೇಜು ಗೋಡೆಗೆ ಅಂಟಿದ್ದರೆ ಆರ್ಮಿನ ಮೊಣಕೈಗೆ ಹಿಂದೆ ಜಾಗ ಸಿಗದೆ ಪರದೆ ಮತ್ತೆ ಮುಂದಕ್ಕೆ ಬರುತ್ತದೆ. ಮೇಜನ್ನೇ ಒಂದು ಗೇಣು ಈಚೆಗೆ ಎಳೆಯಿರಿ. ಗೋಡೆಗೆ ಹಾಕುವುದಾದರೆ ಸಿಪೊರೆಕ್ಸ್ ಎಂಬ ಹಗುರ ಕಾಂಕ್ರೀಟ್ ಇಟ್ಟಿಗೆಗೆ ಅದರದೇ ಆ್ಯಂಕರ್ ಬೇಕು, ಸಾಮಾನ್ಯ ಪ್ಲಾಸ್ಟಿಕ್ ಗಿಟಕು ಕಿತ್ತುಬರುತ್ತದೆ.

ಕೊಳ್ಳುವಾಗ, ತಂದ ಮೇಲೆ

32 ಇಂಚಿಗಿಂತ ದೊಡ್ಡ ಮಾನಿಟರುಗಳ ಮೇಲೆ ಮೊದಲು 28 ಶೇಕಡ ಜಿಎಸ್‌ಟಿ ಇತ್ತು, 2025ರ ಸೆಪ್ಟೆಂಬರ್ 22ರಿಂದ ಅದು 18. ಹಾಗಾಗಿ 34 ಇಂಚಿನ ಹಳೆಯ ಬೆಲೆ ಕೇಳಿ ಹಿಂದೆಗೆದವರು ಮತ್ತೊಮ್ಮೆ ವಿಚಾರಿಸಬಹುದು. ಅಂಗಡಿಗೆ ಪರದೆಯ ಕನ್ನಡಕ ಮತ್ತು ಟೇಪು ತಗೊಂಡು ಹೋಗಿ. ಡೆಮೊ ಪರದೆಯ ಬ್ರೈಟ್‌ನೆಸ್ ನೂರರಲ್ಲಿರುತ್ತದೆ, ಮೊದಲು ಅದನ್ನು ಇಳಿಸಿ. ನಿಮ್ಮ ದೂರಕ್ಕೆ ನಿಂತು ಯಾವುದಾದರೂ ಕನ್ನಡ ಸುದ್ದಿಯ ಪುಟ ತೆರೆಸಿ, ಒಂದೊಂದೇ ಕಣ್ಣು ಮುಚ್ಚಿ ಒತ್ತಕ್ಷರಗಳನ್ನು ಓದಿ.

ಒಂದು ಕಣ್ಣಿನಲ್ಲಿ ಸಾಲು ಡೊಂಕಾಗಿ ಕಂಡರೆ, ನಡುವೆ ಕಲೆ ಇದ್ದರೆ, ಇದ್ದಕ್ಕಿದ್ದಂತೆ ಕಪ್ಪು ಚುಕ್ಕೆಗಳ ಹಿಂಡು ಅಥವಾ ಮಿಂಚು ಕಾಣತೊಡಗಿದ್ದರೆ ಮಾನಿಟರ್ ವಿಚಾರ ಪಕ್ಕಕ್ಕಿಟ್ಟು ಅದೇ ದಿನ ಕಣ್ಣಿನ ವೈದ್ಯರಲ್ಲಿಗೆ ಹೋಗಿ. ಅದು ರೆಟಿನಾದ ತೊಂದರೆಯಿರಬಹುದು, ತಡ ಮಾಡಿದರೆ ನೋಟವೇ ಹೋಗಬಹುದು.

ಮನೆಗೆ ತಂದ ಕೂಡಲೆ ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗಿನಲ್ಲಿ ಹರ್ಟ್ಸ್ ನೋಡಿ. 165ರ ಮಾನಿಟರು ತಿಂಗಳುಗಟ್ಟಲೆ 60ರಲ್ಲೇ ಓಡುವುದು ಬಹಳ ಮನೆಗಳಲ್ಲಿ ಉಂಟು. ಆಮೇಲೆ ಸ್ಕೇಲಿಂಗ್, ಅಕ್ಷರದ ಅಂಚು ತಿದ್ದುವ ಕ್ಲಿಯರ್‌ಟೈಪ್. ಆಟಗಳು ವಿಂಡೋಸ್ ಸ್ಕೇಲಿಂಗಿಗೆ ಬಗ್ಗುವುದಿಲ್ಲ, ಪ್ರತಿ ಆಟದೊಳಗೇ ಯುಐ (ಆಟದ ಮೆನು, ಅಂಕಿ, ಬರಹ) ಅಳತೆ, ಸಬ್‌ಟೈಟಲ್ ಗಾತ್ರ ಮತ್ತು ಅದರ ಹಿಂದಿನ ಕಪ್ಪು ಪಟ್ಟಿಯನ್ನು ಹೊಂದಿಸಬೇಕು. ಮೋಷನ್ ಬ್ಲರ್, ಫಿಲ್ಮ್ ಗ್ರೇನ್, ಕ್ರೊಮ್ಯಾಟಿಕ್ ಅಬರೇಶನ್, ಡೆಪ್ತ್ ಆಫ್ ಫೀಲ್ಡ್ ನಾಲ್ಕನ್ನೂ ಆಫ್ ಮಾಡಿ. ನಿಮ್ಮ ಕಣ್ಣು ಕೊಡುವ ಮಬ್ಬು ಸಾಲದೆಂದು ಆಟವೂ ಸೇರಿಸುವುದು ಬೇಡ. ಗುರಿಯ ಚಿಹ್ನೆಗೆ ನೀಲಿ, ನೇರಳೆ ಬಿಟ್ಟು ಹಸಿರು ಅಥವಾ ಹಳದಿ ಕೊಡಿ. ಶತ್ರುವಿನ ಅಂಚಿನ ಬಣ್ಣ ಬದಲಿಸುವ ಸೌಕರ್ಯ ವ್ಯಾಲೊರಂಟ್‌ನಂಥ ಆಟಗಳಲ್ಲಿದೆ, ಹಳದಿ ಆರಿಸಿಕೊಳ್ಳಿ. ಒಬ್ಬರೇ ಆಡುವ ಆಟದಲ್ಲಿ ಫೀಲ್ಡ್ ಆಫ್ ವ್ಯೂ (ಆಟ ತೋರಿಸುವ ನೋಟದ ಅಗಲ) 100 ಡಿಗ್ರಿಯಿಂದ 85ಕ್ಕೆ ಇಳಿಸಿದರೆ ಪರದೆಯ ನಡುವಿನ ವಸ್ತು ಸುಮಾರು 30 ಶೇಕಡ ದೊಡ್ಡದಾಗುತ್ತದೆ. ಹೊಟ್ಟೆ ತೊಳಸಿದಂತಾದರೆ ಐದೈದು ಡಿಗ್ರಿ ಏರಿಸುತ್ತ ಬನ್ನಿ. ಕತ್ತಲೆಯನ್ನು ಮಾತ್ರ ತಿಳಿಯಾಗಿಸುವ ಗುಂಡಿ ಮಾನಿಟರಿನ ಮೆನುವಿನಲ್ಲೇ ಇರುತ್ತದೆ: ಬೆನ್‌ಕ್ಯೂನಲ್ಲಿ ಬ್ಲ್ಯಾಕ್ ಈಕ್ವಲೈಜರ್, ಏಸಸ್‌ನಲ್ಲಿ ಶ್ಯಾಡೋ ಬೂಸ್ಟ್, ಎಲ್‌ಜಿಯಲ್ಲಿ ಬ್ಲ್ಯಾಕ್ ಸ್ಟೆಬಿಲೈಜರ್. ಎರಡು-ಮೂರು ಮೆಟ್ಟಿಲು ಏರಿಸಿ ನಿಲ್ಲಿಸಿ, ಅತಿಯಾದರೆ ಚಿತ್ರವೆಲ್ಲ ಬೂದಿಯಾಗುತ್ತದೆ.

ಬದಲಿಸಿಕೊಡುವ ಅವಧಿ ಎಷ್ಟು ದಿನ, ಎಷ್ಟು ಸತ್ತ ಪಿಕ್ಸೆಲ್ ಇದ್ದರೆ ಬದಲಿಸುತ್ತಾರೆ ಎಂಬುದನ್ನು ಬಿಲ್ ಮಾಡಿಸುವ ಮೊದಲೇ ಕೇಳಿ. ಆ ಅವಧಿಯೊಳಗೆ ಹಗಲು ಒಮ್ಮೆ, ರಾತ್ರಿ ಒಮ್ಮೆ, ನೀವು ದಿನವೂ ಆಡುವಷ್ಟು ಹೊತ್ತು ಆಡಿ ನೋಡಿ. ಪೆಟ್ಟಿಗೆಯನ್ನೂ ಒಳಗಿನ ಥರ್ಮೊಕೋಲನ್ನೂ ಅಲ್ಲಿಯವರೆಗೆ ಎಸೆಯಬೇಡಿ.